ಡೇ ಕೇರ್‌ಗೆ ನಲವತ್ತಡಿ ರಸ್ತೆ ಯಾಕ್ರೀ ಬೇಕು?

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಬೆಂಗಳೂರಲ್ಲಿ ನಿಮ್ಮ ಸ್ವಂತ ಮನೆ ಗ್ರೌಂಡ್ ಫ್ಲೋರಲ್ಲಿ ಒಂದು ಸಣ್ಣ ಡೇ ಕೇರ್ ಮಾಡ್ಬೇಕು ಅಂತ ಹೊರಡಿ ನೋಡೋಣ. ಎಷ್ಟು ಮಕ್ಕಳು, ಯಾರು ನೋಡ್ಕೋತಾರೆ, ಬಾತ್‌ರೂಮ್ ಎಲ್ಲಿದೆ, ಬೆಂಕಿ ಬಿದ್ರೆ ಹೊರಗೆ ಬರೋ ದಾರಿ ಯಾವುದು ಅಂತ ಯಾರೂ ಕೇಳಲ್ಲ. ಕೇಳೋದು ಒಂದೇ, ನಿಮ್ಮ ಮನೆ ಮುಂದಿನ ರೋಡ್ ಎಷ್ಟು ಅಡಿ. ನಲವತ್ತಡಿ ಇಲ್ಲ ಅಂದ್ರೆ ಟ್ರೇಡ್ ಲೈಸೆನ್ಸ್ ಇಲ್ಲ, ಲೈಸೆನ್ಸ್ ಇಲ್ಲ ಅಂದ್ರೆ ಕಾನೂನು ಪ್ರಕಾರ ಡೇ ಕೇರ್ ಇಲ್ಲ, ಅಷ್ಟೇ ಮುಗೀತು. ಈ ವಿಷಯ ನನ್ನೊಬ್ಬಳದ್ದಾಗಿದ್ರೆ ಪತ್ರ ಬರೀತಿರ್ಲಿಲ್ಲ, ಊರ ತುಂಬಾ ನನ್ನಂಥೋರು ಇದಾರೆ ಅಂತ ಗೊತ್ತಾದ್ಮೇಲೇ ಬರೀತಿರೋದು.

ಈ ನಲವತ್ತಡಿ ಎಲ್ಲಿಂದ ಬಂತು ಅಂತ ಮೊದಲು ಹೇಳ್ಬಿಡ್ತೀನಿ, ಯಾಕಂದ್ರೆ ಇದರ ಹಿಂದೆ ಇರೋ ಕಾರಣ ಪೂರ್ತಿ ತಪ್ಪೇನಲ್ಲ. ಊರಲ್ಲಿ ಯಾವ ಜಾಗನ ಯಾವುದಕ್ಕೆ ಬಳಸ್ಬೇಕು ಅಂತ ಹೇಳೋದು ಮಾಸ್ಟರ್ ಪ್ಲಾನ್, ನಮ್ಮ ಊರಿಗೆ ಈಗಲೂ ನಡೀತಿರೋದು ಮಾಸ್ಟರ್ ಪ್ಲಾನ್ 2015 ಅನ್ನೋದು, ಹೆಸರಲ್ಲಿ 2015 ಇದ್ರೂ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ. ಅದಾದ್ಮೇಲೆ 2031ಕ್ಕೆ ಅಂತ ಒಂದು ಕರಡು 2017ರಲ್ಲಿ ಬಂತು, ಜನ ಆಕ್ಷೇಪಣೆ ಎಲ್ಲಾ ಕೊಟ್ರು, ಆಮೇಲೆ ಸರ್ಕಾರನೇ ಅದನ್ನ ವಾಪಸ್ ತಗೊಂಡ್ತು. ಹಾಗಾಗಿ ಡೇಟ್ ಮುಗಿದಿರೋ ಪ್ಲಾನಲ್ಲೇ ಊರು ಓಡ್ತಾ ಇದೆ. 2007ರ ಪ್ಲಾನಲ್ಲಿ ವಾಸದ ಏರಿಯಾಗಳಲ್ಲೂ ಅಂಗಡಿ ಆಫೀಸಿಗೆ ಜಾಸ್ತಿನೇ ಸಡಿಲ ಬಿಟ್ಟಿದ್ರು, ಒಳ್ಳೊಳ್ಳೆ ಬೀದಿಗಳೆಲ್ಲ ಪಬ್ಬು, ಶೋರೂಮು, ಹೋಟ್ಲು ಆಗೋಕೆ ಶುರುವಾಯ್ತು, ರೆಸಿಡೆಂಟ್ಸ್ ಅಸೋಸಿಯೇಷನ್‌ನವರು ಹೈಕೋರ್ಟ್‌ಗೆ ಹೋದ್ರು, ಕೇಸು ವರ್ಷಗಟ್ಟಲೆ ನಡೀತು, ಕೊನೆಗೆ ನಲವತ್ತು ಅಡಿಗಿಂತ ಕಮ್ಮಿ ಇರೋ ವಾಸದ ರಸ್ತೇಲಿ ಕಮರ್ಷಿಯಲ್ ಚಟುವಟಿಕೆ ಬೇಡ ಅನ್ನೋದು ಗಟ್ಟಿಯಾಯ್ತು. ಅವರು ಕೋರ್ಟಿಗೆ ಹೋಗಿದ್ದು ಸರಿಯಾಗೇ ಇತ್ತು, ಅದ್ರಲ್ಲಿ ನನಗೇನೂ ತಕರಾರಿಲ್ಲ, ರಾತ್ರಿ ಹನ್ನೊಂದೂವರೆಗೆ ಮನೆ ಪಕ್ಕ ಮ್ಯೂಸಿಕ್ ಹಾಕಿದ್ರೆ ನಾನೂ ಹೋಗ್ತಿದ್ದೆ. ಆದ್ರೆ ಪಬ್ಬಿಗೆ ಅಂತ ಹಾಕಿದ ಬೇಲಿ ಒಳಗೆ ಮಕ್ಕಳನ್ನ ಮಲಗಿಸೋ ಮನೇನೂ ಸೇರ್ಕೊಂಡ್ಬಿಡ್ತು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ ಹಾಗೆ. ಕೆಲವು ವರ್ಷದ ಹಿಂದೆ ವಾಸದ ಬಡಾವಣೆಗಳ ಪ್ಲೇ ಸ್ಕೂಲ್‌ಗಳಿಗೆ ನೋಟಿಸ್ ಕೊಟ್ಟಾಗ ಪೇಪರಲ್ಲೆಲ್ಲ ಅದೇ ಸುದ್ದಿ ಇತ್ತು, ನಿಮ್ಮ ಓದುಗರಿಗೆ ನೆನಪಿರಬಹುದು. ಅಪ್ಪ ಅಮ್ಮಂದಿರು ಮಕ್ಕಳನ್ನ ಎಲ್ಲಿ ಬಿಡೋದು ಅಂತ ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ರು.

ನನ್ನ ವಿಷಯಕ್ಕೆ ಬರ್ತೀನಿ. ನಾನು ನರ್ಸರಿ ಟೀಚರ್ ಆಗಿದ್ದೋಳು, ನಮ್ಮ ಓರಗಿತ್ತಿ ನರ್ಸ್ ಆಗಿ ರಿಟೈರ್ ಆದೋರು. ಮನೆ ಮೂವತ್ತು ನಲವತ್ತು ಸೈಟು, ಕೆಳಗಡೆ ಬಾಡಿಗೆಗಿದ್ದೋರು ಖಾಲಿ ಮಾಡಿದ್ರು. ಬೀದೀಲಿ ಕೆಲಸಕ್ಕೆ ಹೋಗೋ ತಾಯಂದಿರು ಎಷ್ಟೋ ಜನ, ಅವರೇ ಬಂದು ಅಕ್ಕಾ ನೀವೇ ನೋಡ್ಕೊಳ್ಳಿ ಅಂತ ಕೇಳ್ತಿದ್ರು. ಸರಿ, ಇಬ್ರೂ ಸೇರ್ಕೊಂಡು ಹನ್ನೆರಡು ಮಕ್ಕಳಷ್ಟೇ, ಬೆಳಿಗ್ಗೆ ಎಂಟರಿಂದ ಸಂಜೆ ಆರೂವರೆ, ಸಹಾಯಕ್ಕೆ ಇನ್ನೊಬ್ರು ಹೆಂಗಸನ್ನ ಇಟ್ಕೊಳ್ಳೋಣ, ಎಲ್ಲಾ ಕಾನೂನು ಪ್ರಕಾರ ಮಾಡೋಣ ಅಂತ ಲೈಸೆನ್ಸ್‌ಗೆ ಓಡಾಡಿದ್ವಿ. ಯಾವ ಆಫೀಸು ಅಂತ ಬರೆಯಲ್ಲ, ಅಲ್ಲಿದ್ದೋರು ಕೆಟ್ಟೋರೇನಲ್ಲ, ಅವರ ಕೈಲೂ ಏನಿಲ್ಲ.

ಒಬ್ರು ನೋಡೋಕೆ ಬಂದ್ರು. ಓರಗಿತ್ತಿ ಹಿಂದಿನ ದಿನವೇ ಎಲ್ಲಾ ಒರೆಸಿ ಸಾರಿಸಿ, ಫಸ್ಟ್ ಏಡ್ ಬಾಕ್ಸ್ ಟೇಬಲ್ ಮೇಲೆ ಕಾಣೋ ಹಾಗೆ ಇಟ್ಟು, ಮೆಟ್ಟಿಲ ಹತ್ರ ಹೊಸದಾಗಿ ಹಾಕ್ಸಿದ್ದ ಚಿಕ್ಕ ಗೇಟಿಗೆ ಎಣ್ಣೆ ಬೇರೆ ಬಿಟ್ಟಿದ್ರು. ಬಂದೋರು ಬೈಕಿಂದ ಇಳಿದ್ರು, ಟೇಪ್ ತೆಗೆದ್ರು, ಎದುರು ಮನೆ ಹುಡುಗನ ಕೈಗೆ ಒಂದು ತುದಿ ಕೊಟ್ರು, ಈ ಕಡೆ ಮೋರಿಯಿಂದ ಆ ಕಡೆ ಮೋರಿ ತನಕ ಅಳೆದ್ರು, ಮೂವತ್ತಡಿ ರೋಡಮ್ಮ ಇದು ಆಗಲ್ಲ ಅಂದ್ರು. ಒಳಗೆ ಬನ್ನಿ ಸಾರ್ ಕಾಫಿ ಕುಡೀರಿ ಅಂದ್ವಿ, ಕಾಫಿ ಕುಡಿದ್ರು ಪಾಪ, ಗೇಟ್ ಹತ್ರನೇ ನಿಂತ್ಕೊಂಡು. ಮನೆ ಒಳಗೆ ಕಾಲಿಡಲೇ ಇಲ್ಲ. ಹೋಗ್ತಾ ಹೋಗ್ತಾ ಒಂದು ಸಲಹೆ ಕೊಟ್ರು, ಬೋರ್ಡ್ ಹಾಕ್ಬೇಡಿ, ಸುಮ್ನೆ ನಡೆಸ್ಕೊಂಡು ಹೋಗಿ, ಯಾರಾದ್ರೂ ಕಂಪ್ಲೇಂಟ್ ಕೊಟ್ರೆ ಆಗ ನೋಡೋಣ.

ಸಂಪಾದಕರೇ, ನಾನು ಈ ಪತ್ರ ಬರೀತಿರೋದೇ ಆ ಮಾತಿಗೆ. ಅದು ಅವರೊಬ್ಬರ ಮಾತಲ್ಲ, ಆಮೇಲೆ ನಾನು ವಿಚಾರಿಸಿದ ಪ್ರತಿಯೊಬ್ರೂ ಅದನ್ನೇ ಹೇಳಿದ್ರು. ನಮ್ಮ ಸುತ್ತಮುತ್ತ ಬೋರ್ಡ್ ಇಲ್ಲದ ಡೇ ಕೇರ್ ಎಷ್ಟಿದೆ ಅಂತ ಗೊತ್ತಾ ನಿಮಗೆ? ನಲವತ್ತಡಿ ನಿಯಮದಿಂದ ಒಂದು ಡೇ ಕೇರೂ ಕಮ್ಮಿ ಆಗಿಲ್ಲ, ಬೋರ್ಡ್ ಮಾತ್ರ ಕೆಳಗಿಳೀತು. ಯಾರೋ ಆಂಟಿ ಮನೇಲಿ ಬಿಡ್ತೀವಿ ಅಂತಾರೆ, ವಾಟ್ಸಾಪ್ ಗ್ರೂಪಲ್ಲಿ ನಂಬರ್ ಓಡಾಡತ್ತೆ, ತಿಂಗಳ ದುಡ್ಡು ಫೋನ್‌ಪೇಲಿ ಹೋಗತ್ತೆ, ರಸೀತಿ ಇಲ್ಲ, ರಿಜಿಸ್ಟರ್ ಇಲ್ಲ. ಬಹಳ ಜನ ಒಳ್ಳೆಯವರೇ, ಮಕ್ಕಳನ್ನ ಪ್ರೀತಿಯಿಂದ ನೋಡ್ಕೋತಾರೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಒಂದು ಮನೇಲಿ ಇಬ್ರು ಹೆಂಗಸರು ಇಪ್ಪತ್ತೈದು ಮಕ್ಕಳನ್ನ ಇಟ್ಕೊಂಡಿದ್ರೂ ಹೇಳೋರಿಲ್ಲ ಕೇಳೋರಿಲ್ಲ. ಏನಾದ್ರೂ ಆದಾಗ ತಾಯಿ ಯಾರ ಹತ್ರ ಹೋಗ್ಬೇಕು? ಲೈಸೆನ್ಸೇ ಇಲ್ಲದ ಜಾಗದ ಬಗ್ಗೆ ಯಾವ ಇಲಾಖೆ ಮಾತಾಡತ್ತೆ? ಮುಚ್ಚಿಸ್ತಾರೆ, ಮಕ್ಕಳು ಪಕ್ಕದ ಬೀದೀಲಿ ಇನ್ನೊಂದು ಬೋರ್ಡ್ ಇಲ್ಲದ ಮನೆಗೆ ಹೋಗ್ತಾರೆ.

ಆ ಟೇಪ್ ಹಿಡ್ಕೊಂಡು ಬಂದೋರು ಒಳಗೆ ಬಂದಿದ್ರೆ ನೋಡ್ಬೇಕಾಗಿದ್ದದ್ದು ಬೇಕಾದಷ್ಟಿತ್ತು. ಮೊದಲನೇದು ಸಂಪು, ಅಂದ್ರೆ ನೆಲದೊಳಗಿನ ನೀರಿನ ತೊಟ್ಟಿ. ಬೆಂಗಳೂರಿನ ಯಾವ ಮನೆ ತಗೊಳ್ಳಿ, ಗೇಟ್ ಒಳಗೆ ಕಾಲಿಟ್ಟ ತಕ್ಷಣ ಕಾಲ ಕೆಳಗೆ ಸಂಪು, ಮೇಲೆ ಒಂದು ತಗಡಿನ ಮುಚ್ಚಳ, ಕಾವೇರಿ ನೀರು ಬರೋ ದಿನ ಅದನ್ನ ಅರ್ಧ ಸರಿಸಿ ಇಟ್ಟಿರ್ತಾರೆ, ಎರಡು ವರ್ಷದ ಮಗುಗೆ ಅಷ್ಟು ಸಂದಿ ಸಾಕು. ಸಂಪಿಗೆ ಬಿದ್ದು ಮಕ್ಕಳು ಹೋದ ಸುದ್ದಿ ನಿಮ್ಮ ಪೇಪರಲ್ಲೇ ಎಷ್ಟು ಸಲ ಬಂದಿಲ್ಲ ಹೇಳಿ. ನಮ್ಮನೇಲಿ ಮುಚ್ಚಳಕ್ಕೆ ಚಿಲಕ ಬೆಸುಗೆ ಹಾಕ್ಸಿ ಬೀಗ ಹಾಕ್ಸಿದ್ವಿ, ಬೀಗದ ಕೈ ದೇವರ ಮನೆ ಮೊಳೇಲಿ. ಆಮೇಲೆ ಮೆಟ್ಟಿಲ ಕೆಳಗೆ ಯುಪಿಎಸ್ ಬ್ಯಾಟರಿ, ಅದಕ್ಕೆ ಮರದ ಬಾಗಿಲು. ಸಿಲಿಂಡರ್ ಅಡುಗೆಮನೆಯಿಂದ ಹೊರಗೆ, ಪೈಪ್ ಎಳೆಸಿ. ಗ್ರಾನೈಟ್ ನೆಲ ಒದ್ದೆಯಾದ್ರೆ ಜಾರತ್ತೆ, ಬಚ್ಚಲಿಗೆ ಬೇರೆ ಟೈಲ್ಸ್. ಕಿಟಕಿಗಳಿಗೆ ಗ್ರಿಲ್ ಎಲ್ಲರೂ ಹಾಕ್ತಾರೆ, ಆದ್ರೆ ಬೆಂಕಿ ಬಿದ್ರೆ ಆ ಗ್ರಿಲ್ಲೇ ಜೈಲು, ಅದಕ್ಕೇ ಹಿಂದುಗಡೆ ಬಾಗಿಲಿಗೆ ಒಳಗಿಂದ ಬೀಗ ಹಾಕ್ಬಾರ್ದು ಅಂತ ನಮ್ಮ ಓರಗಿತ್ತಿ ಹಠ. ಇದ್ಯಾವುದನ್ನೂ ಯಾರೂ ಕೇಳಲಿಲ್ಲ, ಯಾಕಂದ್ರೆ ಫಾರಂನಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ.

ಕುಂಭಕೋಣಂನಲ್ಲಿ 2004ರ ಜುಲೈ 16ರಂದು ಒಂದು ಸ್ಕೂಲಿಗೆ ಬೆಂಕಿ ಬಿದ್ದು 94 ಮಕ್ಕಳು ಸತ್ತೋದ್ರಲ್ಲ, ಅಲ್ಲಿ ಮಕ್ಕಳು ಸತ್ತಿದ್ದು ಯಾಕೆ? ಅಡುಗೆಮನೇಲಿ ಹತ್ತಿದ ಬೆಂಕಿ ಗರಿ ಚಾವಣಿಗೆ ಹತ್ತಿತು, ಮಕ್ಕಳು ಮಹಡಿ ಮೇಲಿದ್ರು, ಇಳಿಯೋಕೆ ಕಿರಿದಾದ ಮೆಟ್ಟಿಲು. ಅಡುಗೆಮನೆ, ಚಾವಣಿ, ಮಹಡಿ, ಮೆಟ್ಟಿಲು ಎಲ್ಲಾ ಕಾಂಪೌಂಡ್ ಒಳಗಿನ ವಿಷಯ. ಫೈರ್ ಎಂಜಿನ್ ಬರೋಕೆ ಅಗಲ ಬೇಡ್ವಾ ಅಂತ ಯಾರಾದ್ರೂ ಕೇಳ್ತಾರೆ, ಬೇಕು ಸ್ವಾಮಿ, ಮೂವತ್ತಡಿ ರೋಡಲ್ಲಿ ಕಸದ ಕಾಂಪ್ಯಾಕ್ಟರ್ ಲಾರಿ ಬರತ್ತೆ, ಗಣೇಶನ ಹಬ್ಬಕ್ಕೆ ಪೆಂಡಾಲ್ ಹಾಕಿದ್ಮೇಲೂ ಪಕ್ಕದಲ್ಲಿ ಟೆಂಪೋ ಹೋಗತ್ತೆ. ಇದೇ ಬೀದೀಲಿ ನಾಕು ಮಹಡಿ ಪಿಜಿ ಇದೆ, ಒಂದೊಂದು ರೂಮಲ್ಲಿ ನಾಲ್ಕು ಕಾಟ್, ಒಂದೇ ಮೆಟ್ಟಿಲು, ಅಲ್ಲಿಗೆ ಫೈರ್ ಎಂಜಿನ್ ಬೇಡ್ವಾ ಹಾಗಾದ್ರೆ?

ಇನ್ನೂ ಒಂದು ಮಜಾ ಕೇಳಿ. ಇದೇ ಮನೇಲಿ ನಾನು ಸಾಯಂಕಾಲ ಇಪ್ಪತ್ತು ಮಕ್ಕಳಿಗೆ ಟ್ಯೂಷನ್ ಹೇಳಿದ್ರೆ ಯಾರೂ ಏನೂ ಕೇಳಲ್ಲ. ಸಂಗೀತ ಹೇಳ್ಕೊಡ್ಬಹುದು, ಭರತನಾಟ್ಯ ಹೇಳ್ಕೊಡ್ಬಹುದು, ಕುಟ್ಟಿ ಕುಟ್ಟಿ ಕೆಳಗಿನ ಮನೆಯೋರ ಸೀಲಿಂಗ್ ಬೀಳೋ ತನಕ. ಆಡಿಟರು, ಲಾಯರು ಮುಂದಿನ ರೂಮನ್ನ ಆಫೀಸ್ ಮಾಡ್ಕೊಂಡಿರ್ತಾರೆ. ಮಾಸ್ಟರ್ ಪ್ಲಾನಿನ ನಿಯಮದಲ್ಲೇ ವಾಸದ ವಲಯದ ಮನೇಲಿ ಕಟ್ಟಿದ ಜಾಗದ ಶೇಕಡಾ 20 ಅಥವಾ 50 ಚದರ ಮೀಟರ್, ಯಾವುದು ಕಮ್ಮಿನೋ ಅಷ್ಟು, ಬೇರೆ ಉಪಯೋಗಕ್ಕೆ ಬಳಸ್ಬಹುದು ಅನ್ನೋ ಲೆಕ್ಕ ಬರ್ಕೊಂಡಿದ್ರು. 50 ಚದರ ಮೀಟರ್ ಅಂದ್ರೆ ಹತ್ತಿರ ಹತ್ತಿರ 540 ಚದರಡಿ. ಕೇಂದ್ರ ಸರ್ಕಾರ 2018ರಲ್ಲಿ ಕೆಲಸದ ಜಾಗದ ಶಿಶುಪಾಲನಾ ಕೇಂದ್ರಗಳಿಗೆ ಅಂತ ಕೊಟ್ಟ ಮಾರ್ಗಸೂಚೀಲಿ ಒಂದು ಮಗುಗೆ 10ರಿಂದ 12 ಚದರಡಿ ಅಂತಿದೆ, ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ರು ನೋಡ್ಕೊಳ್ಳೋರು ಅಂತಿದೆ. ಆ ಲೆಕ್ಕದಲ್ಲಿ ಇಷ್ಟು ಜಾಗಕ್ಕೆ ನಲವತ್ತು ಮಕ್ಕಳನ್ನ ತುಂಬ್ಬಹುದು! ನನ್ನನ್ನ ಕೇಳಿದ್ರೆ ಅದು ತೀರಾ ಇಕ್ಕಟ್ಟು, ಮಧ್ಯಾಹ್ನ ಚಾಪೆ ಹಾಸಿ ಮಲಗಿಸಿದ್ರೆ ನಡುವೆ ಕಾಲಿಡೋಕೂ ಜಾಗ ಇರಲ್ಲ, ಒಂದು ಮಗು ಅತ್ತು ಎದ್ರೆ ಎಲ್ಲಾ ಏಳ್ತಾವೆ, ಆಮೇಲೆ ಸಂಜೆ ತನಕ ಯಾರೂ ಮಲಗಲ್ಲ, ನೋಡ್ಕೊಳ್ಳೋರ ಗತಿ ದೇವರೇ ಕಾಪಾಡ್ಬೇಕು. ಹನ್ನೆರಡು ಮಕ್ಕಳಿಗೆ ಆ ಜಾಗ ಸರಿಹೋಗತ್ತೆ.

ನೆರೆಹೊರೆಯವರ ಮಾತೂ ಕೇಳ್ಬೇಕು, ಕೇಳಿದ್ದೀನಿ. ಎದುರು ಮನೆ ಯಜಮಾನ್ರು ನನಗೆ ನೇರವಾಗೇ ಹೇಳಿದ್ರು, ಅಮ್ಮಾ ಮಕ್ಕಳ ಗಲಾಟೆ ನಮಗೇನಿಲ್ಲ, ಕಾರಿನದ್ದೇ ತೊಂದ್ರೆ ಅಂತ. ನಿಜ. ಬೆಳಿಗ್ಗೆ ಎಂಟೂವರೆಗೆ ನಾಲ್ಕು ಕಾರು ಡಬಲ್ ಪಾರ್ಕ್ ಮಾಡಿ, ಗೇಟಿಗೆ ಅಡ್ಡ ನಿಲ್ಲಿಸಿ, ಮಗು ಶೂ ಹಾಕಿಸ್ತಾ ನಿಂತ್ಕೊಂಡ್ರೆ ಯಾರಿಗೆ ತಾನೇ ಕೋಪ ಬರಲ್ಲ. ಪ್ಲೇ ಸ್ಕೂಲ್‌ಗಳ ವ್ಯಾನು ಬಂದು ಹಾರನ್ ಹೊಡೆಯೋದಂತೂ ತಡ್ಕೊಳ್ಳೋಕಾಗಲ್ಲ. ಆದ್ರೆ ಎಂಬತ್ತು ಮಕ್ಕಳ ಪ್ಲೇ ಸ್ಕೂಲಿಗೂ ಹನ್ನೆರಡು ಮಕ್ಕಳ ಮನೆ ಡೇ ಕೇರಿಗೂ ವ್ಯತ್ಯಾಸ ಇದೆಯಲ್ಲ, ಅದನ್ನೇ ನಮ್ಮ ನಿಯಮ ನೋಡೋದೇ ಇಲ್ಲ. ಮಕ್ಕಳು ಅದೇ ಬೀದಿ, ಪಕ್ಕದ ಕ್ರಾಸ್‌ನೋರಾದ್ರೆ ನಡ್ಕೊಂಡೇ ಬರ್ತಾರೆ, ಇಲ್ಲ ಸ್ಕೂಟರಲ್ಲಿ ಮುಂದೆ ನಿಲ್ಲಿಸ್ಕೊಂಡು ಬರ್ತಾರೆ. ಡೇ ಕೇರನ್ನ ಮೇನ್ ರೋಡಿಗೆ ತಳ್ಳಿದ್ರೆ ತಾನೇ ಕಾರು ಬೇಕಾಗೋದು.

ಮೇನ್ ರೋಡಲ್ಲಿರೋದು ಹೇಗಿದೆ ನೋಡಿದ್ದೀರಾ. ಕೆಳಗೆ ಮೊಬೈಲ್ ಅಂಗಡಿ ಇಲ್ಲಾ ದರ್ಶಿನಿ, ಮೇಲೆ ಮೊದಲನೇ ಮಹಡೀಲಿ ಕಾರ್ಟೂನ್ ಸ್ಟಿಕ್ಕರ್ ಅಂಟಿಸಿದ ಗಾಜು, ಕಿಟಕಿ ತೆಗೆಯೋ ಹಾಗಿಲ್ಲ ಯಾಕಂದ್ರೆ ಧೂಳು, ಎಸಿ, ಹೊರಗೆ ಬಂದ್ರೆ ಬಿಎಂಟಿಸಿ ಬಸ್ಸು. ಕಾನೂನು ಪ್ರಕಾರ ಇದು ಸರಿ, ನಮ್ಮನೆ ಮುಂದಿನ ಹೊಂಗೆ ಮರ, ಸಂಪಿನ ಮುಚ್ಚಳಕ್ಕೆ ಬೀಗ ಹಾಕಿದ ಅಂಗಳ ತಪ್ಪು. ಅಲ್ಲಿ ಬಾಡಿಗೆ, ಅಡ್ವಾನ್ಸ್ ಕೇಳಿದ್ರೆ ನಮ್ಮಂಥ ಇಬ್ರು ಹೆಂಗಸರು ಆ ಕಡೆ ತಲೆ ಹಾಕಿ ಮಲಗೋಕೂ ಆಗಲ್ಲ, ಕಮರ್ಷಿಯಲ್ ಕರೆಂಟು, ಕಮರ್ಷಿಯಲ್ ಟ್ಯಾಕ್ಸು ಬೇರೆ. ಅದನ್ನ ತಡ್ಕೊಳ್ಳೋದು ಫ್ರಾಂಚೈಸಿ ತಗೊಂಡೋರು ಮಾತ್ರ, ಅವರು ಆ ಬಾಡಿಗೇನ ತಾಯಿ ತಂದೆ ಫೀಸಲ್ಲೇ ವಸೂಲಿ ಮಾಡ್ತಾರೆ, ಮಾಡದೆ ಇನ್ನೇನು ಮಾಡ್ತಾರೆ. ಸಾಫ್ಟ್‌ವೇರಲ್ಲಿ ಇಬ್ರೂ ದುಡಿಯೋರು ಹೇಗೋ ಕಟ್ತಾರೆ. ಗಾರ್ಮೆಂಟ್ಸ್‌ಗೆ ಹೋಗೋಳು, ಬಟ್ಟೆ ಅಂಗಡೀಲಿ ಸೇಲ್ಸಲ್ಲಿ ನಿಲ್ಲೋಳು, ಆಸ್ಪತ್ರೇಲಿ ಆಯಾ ಕೆಲಸದೋಳು, ಇವರು ಏನು ಮಾಡ್ಬೇಕು? ಮಾಡೋದು ಇಷ್ಟೇ, ಊರಿಂದ ಅತ್ತೇನೋ ಅಮ್ಮನ್ನೋ ಕರ್ಕೊಂಡ್ಬರ್ತಾರೆ, ಅದೂ ಆಗ್ಲಿಲ್ಲ ಅಂದ್ರೆ ದೊಡ್ಡ ಹುಡುಗೀನ ಸ್ಕೂಲ್ ಬಿಡಿಸಿ ಚಿಕ್ಕದನ್ನ ನೋಡ್ಕೊಳ್ಳೋಕೆ ಕೂರಿಸ್ತಾರೆ, ಇಲ್ಲಾ ಕೆಲಸ ಬಿಡ್ತಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೇಲಿ ಬಸ್ ಫ್ರೀ ಆಯ್ತು, ಬಹಳ ಒಳ್ಳೇದಾಯ್ತು, ನಾನೂ ಓಡಾಡ್ತೀನಿ. ಆದ್ರೆ ಬಸ್ ಹತ್ತೋಕೆ ಮುಂಚೆ ಮಗೂನ ಎಲ್ಲಾದ್ರೂ ಬಿಡ್ಬೇಕಲ್ಲ.

ಕಾನೂನಲ್ಲಿ ಶಿಶುಪಾಲನೆಗೆ ಏನೂ ಇಲ್ಲ ಅಂತಲ್ಲ. 1948ರ ಫ್ಯಾಕ್ಟರಿ ಕಾಯ್ದೆ ಕಾಲದಿಂದಲೂ ಹೆಂಗಸರು ಜಾಸ್ತಿ ಇರೋ ಕಾರ್ಖಾನೇಲಿ ಮಕ್ಕಳಿಗೆ ಒಂದು ರೂಮು ಇರ್ಬೇಕು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆ ತಿದ್ದಿ ರಜೆ 26 ವಾರ ಮಾಡಿದ್ರು, 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡೋ ಕಡೆ ಶಿಶುಪಾಲನಾ ಕೇಂದ್ರ ಇರ್ಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡ್ಬಹುದು ಅಂತ ಸೇರಿಸಿದ್ರು. ಹಳ್ಳಿ ಕಡೆ ನರೇಗಾ ಕೆಲಸಕ್ಕೆ ಹೋಗೋ ತಾಯಂದಿರ ಮಕ್ಕಳಿಗೆ ಅಂತ ನಮ್ಮ ರಾಜ್ಯ ಸರ್ಕಾರ 2023ರ ಬಜೆಟ್ಟಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಅಂತ ಘೋಷಣೆ ಮಾಡ್ತು, ಹೆಸರೇ ಎಷ್ಟು ಚೆನ್ನಾಗಿದೆ. ಆದ್ರೆ ಹತ್ತು ಜನ ಕೆಲಸ ಮಾಡೋ ಅಂಗಡಿಯೋಳಿಗೆ, ಮನೆಗೆಲಸದೋಳಿಗೆ, ಸಣ್ಣ ಆಫೀಸಿನ ಅಕೌಂಟೆಂಟ್‌ಗೆ ಶಿಶುಪಾಲನಾ ಕೇಂದ್ರದ ಈ ಯಾವ ನಿಯಮವೂ ಬರಲ್ಲ. ಅವರಿಗೆ ಬೇಕಾಗಿರೋದು ಬೀದಿ ಕೊನೇಲಿ ಒಂದು ನಂಬಿಕಸ್ಥ ಮನೆ. ಅಂಗನವಾಡಿ ಇದೆಯಲ್ಲ ಅಂತೀರಾ, 1975ರಲ್ಲಿ ಅಂಗನವಾಡಿಗಳನ್ನ ನಡೆಸೋ ಐಸಿಡಿಎಸ್ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದಿದ್ದು ನಮ್ಮ ಟಿ. ನರಸೀಪುರಕ್ಕೇ, ಆ ಅಂಗನವಾಡಿ ಟೀಚರ್‌ಗಳ ಬಗ್ಗೆ ನನಗೆ ಬಹಳ ಗೌರವ, ಆದ್ರೆ ಅದು ಸಂಜೆ ಆರೂವರೆ ತನಕ ಮಗು ಇಟ್ಕೊಳ್ಳೋ ಜಾಗ ಅಲ್ಲ, ಟೈಮೇ ಬೇರೆ, ಕೆಲಸವೇ ಬೇರೆ.

ಸಿಎ ಸೈಟ್‌ಗಳಿವೆ, ಅಲ್ಲಿ ಮಾಡಿ ಅಂತ ಆಫೀಸಲ್ಲಿ ಒಬ್ರು ಹೇಳಿದ್ರು. ಬಿಡಿಎ ಲೇಔಟ್‌ಗಳಲ್ಲಿ ನಾಗರಿಕ ಸೌಲಭ್ಯಕ್ಕೆ ಅಂತ ಬಿಟ್ಟಿರೋ ಸೈಟು ನಿಜ, ಆದ್ರೆ ಅದನ್ನ 30 ವರ್ಷದ ಲೀಸಿಗೆ ಕೊಡೋದು ಸೊಸೈಟಿ, ಟ್ರಸ್ಟ್ ಅಂತ ರಿಜಿಸ್ಟರ್ ಆದ ಸಂಸ್ಥೆಗಳಿಗೆ. ಇಬ್ರು ಗೃಹಿಣಿಯರು ಹನ್ನೆರಡು ಮಕ್ಕಳಿಗೆ ಅಂತ ಟ್ರಸ್ಟ್ ಮಾಡಿ, ಲೀಸ್ ದುಡ್ಡು ಕಟ್ಟಿ, ಅದರ ಮೇಲೆ ಬಿಲ್ಡಿಂಗ್ ಕಟ್ಟಿ... ಹೋಗ್ಲಿ ಬಿಡಿ. ನಮ್ಮ ಬಡಾವಣೆಯ ಒಂದು ಸಿಎ ಸೈಟಲ್ಲಿ ಈಗಲೂ ಪಾರ್ಥೇನಿಯಂ ಆಳೆತ್ತರ ಬೆಳೆದಿದೆ.

ನನ್ನ ತಂಗಿ ಕ್ಯಾಲಿಫೋರ್ನಿಯಾದ ಫ್ರೀಮಾಂಟಲ್ಲಿದ್ದಾಳೆ, ಅವಳೂ ಮನೇಲೇ ಡೇ ಕೇರ್ ನಡೆಸ್ತಾಳೆ, ಅರ್ಧಕ್ಕರ್ಧ ನಮ್ಮ ಕಡೆ ಮಕ್ಕಳೇ, ಮಧ್ಯಾಹ್ನ ಅನ್ನ ಸಾರು ಕಲಸಿ ತಿನ್ನಿಸ್ತಾಳೆ. ಅಮೆರಿಕಾದಲ್ಲಿ ಹಾಗೆ ಹೀಗೆ ಅಂತ ಹೊಗಳೋ ಚಟ ನನಗಿಲ್ಲ, ಅಲ್ಲಿ ಡೇ ಕೇರ್ ಫೀಸ್ ಕೇಳಿದ್ರೆ ಎದೆ ಝಲ್ ಅನ್ನತ್ತೆ. ಆದ್ರೆ ಈ ಒಂದು ವಿಷಯ ಅವರು ನೇರವಾಗಿ ಬಗೆಹರಿಸ್ಕೊಂಡಿದ್ದಾರೆ. ಮನೆ ಡೇ ಕೇರ್‌ನಲ್ಲಿ ಅಲ್ಲಿ ಎರಡು ಥರ, ಚಿಕ್ಕದು 8 ಮಕ್ಕಳ ತನಕ, ದೊಡ್ಡದು 14 ಮಕ್ಕಳ ತನಕ. 2020ರ ಜನವರಿ 1ರಿಂದ ಜಾರಿಗೆ ಬಂದ ಕಾನೂನು ಪ್ರಕಾರ ಚಿಕ್ಕದಿರಲಿ ದೊಡ್ಡದಿರಲಿ ಅದು ಝೋನಿಂಗ್, ಅಂದ್ರೆ ಜಾಗದ ಬಳಕೆಯ ಲೆಕ್ಕದಲ್ಲಿ ಮನೆಯೇ, ಊರಿನ ಕೌನ್ಸಿಲ್‌ನೋರು ಬೇರೆ ಝೋನಿಂಗ್ ಪರ್ಮಿಟ್ ತಗೊಂಡ್ಬನ್ನಿ ಅನ್ನೋ ಹಾಗೇ ಇಲ್ಲ. ಅದಕ್ಕಿಂತ ಮುಂಚೆ ದೊಡ್ಡದಕ್ಕೆ ಒಂದೊಂದು ಊರಲ್ಲಿ ಒಂದೊಂದು ರೂಲ್ಸ್ ಇತ್ತಂತೆ, ಅರ್ಜಿ, ಫೀಸು, ನೆರೆಯವರ ಆಕ್ಷೇಪಣೆ ವಿಚಾರಣೆ ಅಂತ ಅಲ್ಲೂ ನಮ್ಮ ಕಥೆನೇ. ಹಾಗಂತ ಬಿಟ್ಟಿ ಬಿಟ್ಟಿಲ್ಲ. ಲೈಸೆನ್ಸ್ ರಾಜ್ಯ ಸರ್ಕಾರ ಕೊಡತ್ತೆ, ಹೇಳದೆ ಕೇಳದೆ ಬಂದು ತಲೆ ಎಣಿಸ್ತಾರೆ, ಔಷಧಿ ಮಕ್ಕಳ ಕೈಗೆ ಸಿಗದ ಹಾಗಿದೆಯಾ ನೋಡ್ತಾರೆ, ಆರು ತಿಂಗಳಿಗೊಂದ್ಸಲ ಬೆಂಕಿ ಅಭ್ಯಾಸ ಮಾಡಿಸಿದ್ದಕ್ಕೆ ದಾಖಲೆ ಕೇಳ್ತಾರೆ, ಮನೇಲಿ ಈಜುಕೊಳ ಇದ್ರೆ ಮಕ್ಕಳು ಅದರ ಹತ್ರ ಹೋಗೋಕಾಗದ ಹಾಗೆ ತಡೆ ಇರ್ಲೇಬೇಕು. ನಾನು ನಮ್ಮನೆ ಸಂಪಿನ ಬೀಗದ ಕಥೆ ಹೇಳಿದ್ರೆ ತಂಗಿ ನಕ್ಕಿದ್ದೇ ನಕ್ಕಿದ್ದು, ಅಕ್ಕಾ ಇಲ್ಲಿ ಮೊದಲು ಕೇಳೋದೇ ಅದು ಅಂತ.

ಅಷ್ಟು ದೂರ ಯಾಕೆ, ಡೆಲ್ಲಿ ಮಾಸ್ಟರ್ ಪ್ಲಾನ್ 2021 ತೆಗೆದು ನೋಡಿದ್ರೆ ವಾಸದ ಪ್ಲಾಟಲ್ಲಿ ಮಿಶ್ರ ಬಳಕೆ ಅಂತ ಒಂದು ಅಧ್ಯಾಯವೇ ಇದೆ, ಅದರಲ್ಲಿ ಅಂಗಡಿಗೇ ಬೇರೆ ಷರತ್ತು, ನರ್ಸರಿ, ಶಿಶುಪಾಲನಾ ಕೇಂದ್ರದ ಗುಂಪಿಗೇ ಬೇರೆ ಷರತ್ತು. ಅಲ್ಲೂ ರಸ್ತೆ ಅಗಲ ಕೇಳ್ತಾರೆ, ಇಲ್ಲ ಅಂತ ನಾನು ಹೇಳ್ತಿಲ್ಲ, ಆದ್ರೆ ಮಗು ಮಲಗೋ ಜಾಗ ಬೇರೆ, ಬಟ್ಟೆ ಅಂಗಡಿ ಬೇರೆ ಅನ್ನೋದಾದ್ರೂ ಕಾಗದದ ಮೇಲಿದೆ.

ನಾನು ಕೇಳ್ತಿರೋದು ದೊಡ್ಡದೇನಲ್ಲ. ಮನೆ ಯಜಮಾನರೋ ಬಾಡಿಗೆದಾರರೋ ತಾವೇ ವಾಸ ಇರೋ ಮನೇಲಿ, ಗ್ರೌಂಡ್ ಫ್ಲೋರಲ್ಲಿ ಮಾತ್ರ, ಹನ್ನೆರಡೋ ಹದಿನೈದೋ ಅಂತ ಒಂದು ಮಿತಿ ಹಾಕಿ, ಅಷ್ಟು ಮಕ್ಕಳ ತನಕ ಡೇ ಕೇರನ್ನ ವಾಸದ ಬಳಕೆ ಅಂತಲೇ ಲೆಕ್ಕಕ್ಕೆ ತಗೊಳ್ಳಿ, ರಸ್ತೆ ಮೂವತ್ತಡಿ ಆಗ್ಲಿ ಇಪ್ಪತ್ತೈದಾಗ್ಲಿ. ಟ್ರೇಡ್ ಲೈಸೆನ್ಸ್ ಬದಲು ಒಂದು ರಿಜಿಸ್ಟ್ರೇಷನ್ ಇರಲಿ, ಮಹಿಳಾ ಮತ್ತು ಮಕ್ಕಳ ಇಲಾಖೆಯೋ ಪಾಲಿಕೆಯ ಆರೋಗ್ಯ ವಿಭಾಗವೋ ಯಾರಾದ್ರೂ ಒಬ್ರು ನೋಡ್ಕೊಳ್ಳಲಿ, ಐದು ಕಡೆ ಓಡಾಡಿಸೋದು ಬೇಡ. ಸಂಪು, ಸಿಲಿಂಡರ್, ಎರಡನೇ ಬಾಗಿಲು, ಎಷ್ಟು ಮಕ್ಕಳಿಗೆ ಎಷ್ಟು ಜನ, ಕೆಲಸದೋರ ಪೊಲೀಸ್ ವೆರಿಫಿಕೇಷನ್, ಇದನ್ನ ಒಳಗೆ ಬಂದು ನೋಡಿ, ವರ್ಷಕ್ಕೊಂದ್ಸಲ ಹೇಳದೇ ಬಂದು ನೋಡಿ, ತಪ್ಪಿದ್ರೆ ಮುಚ್ಚಿಸಿ, ನಾವೇ ಮೊದಲು ಚಪ್ಪಾಳೆ ತಟ್ತೀವಿ. ಗೇಟಿಗೆ ಬೋರ್ಡ್ ಕಡ್ಡಾಯ ಮಾಡಿ, ರಿಜಿಸ್ಟರ್ ನಂಬರ್ ಸಮೇತ, ಬೀದಿಯೋರಿಗೆ ದೂರು ಕೊಡೋಕೆ ಫೋನ್ ನಂಬರೂ ಅದರಲ್ಲೇ ಇರಲಿ. ಕಾರು ಅಡ್ಡ ನಿಲ್ಲಿಸಿದ್ರೆ ದಂಡ ಹಾಕಿ. ವ್ಯಾನ್ ಬೇಡ ಅನ್ನಿ, ಒಪ್ಕೋತೀವಿ. ಎಂಬತ್ತು ನೂರು ಮಕ್ಕಳ ಪ್ಲೇ ಸ್ಕೂಲಿಗೆ ಈಗಿರೋ ನಲವತ್ತಡಿ ಹಾಗೇ ಇರಲಿ, ಅದು ನಿಜವಾಗ್ಲೂ ವ್ಯಾಪಾರವೇ.

ಹೊಸ ಪಾಲಿಕೆಗಳು ಐದು ಆಗಿವೆ 2025ರ ಸೆಪ್ಟೆಂಬರ್‌ನಿಂದ, ಬೋರ್ಡ್‌ಗಳನ್ನೆಲ್ಲ ಬದಲಾಯಿಸಿದ್ದಾರೆ, ಮಾಸ್ಟರ್ ಪ್ಲಾನೂ ಇವತ್ತಲ್ಲ ನಾಳೆ ಹೊಸದು ಬರಲೇಬೇಕು. ಕರಡು ಬಂದಾಗ ಆಕ್ಷೇಪಣೆಗೆ ಟೈಮ್ ಕೊಡ್ತಾರೆ, ಆವಾಗ ರಿಯಲ್ ಎಸ್ಟೇಟ್‌ನೋರು, ಅಸೋಸಿಯೇಷನ್‌ನೋರು ಎಲ್ಲಾ ಫೈಲ್ ಹಿಡ್ಕೊಂಡು ಹೋಗ್ತಾರೆ, ಬೋರ್ಡ್ ಇಲ್ಲದೆ ಮಕ್ಕಳನ್ನ ನೋಡ್ಕೋತಿರೋ ಹೆಂಗಸರು ಮಾತ್ರ ಹೋಗಲ್ಲ, ಹೋದ್ರೆ ಸಿಕ್ಕಿಬೀಳ್ತೀವಿ ಅಂತ ಭಯ. ಅದಕ್ಕೇ ಅಪ್ಪ ಅಮ್ಮಂದಿರು ಹೋಗಿ ಅಂತ ನನ್ನ ಕೋರಿಕೆ, ನಿಮ್ಮ ಮಗು ದಿನಾ ಹತ್ತು ಗಂಟೆ ಇರೋ ಜಾಗ ಅದು. ನಿಮ್ಮ ಪತ್ರಿಕೆಯ ವರದಿಗಾರರು ಯಾರಾದ್ರೂ ಈ ಬೋರ್ಡ್ ಇಲ್ಲದ ಡೇ ಕೇರ್‌ಗಳ ಬಗ್ಗೆ, ಯಾರ ಹೆಸರೂ ಹಾಕದೆ, ಒಂದು ಪೂರ್ತಿ ಪುಟ ಬರೆದ್ರೆ ಅಧಿಕಾರಿಗಳೂ ಓದ್ತಾರೆ. ನಾವಿಬ್ರೂ ಸದ್ಯಕ್ಕೆ ಶುರು ಮಾಡಿಲ್ಲ. ಬೋರ್ಡ್ ಇಲ್ಲದೆ ಮಾಡಲ್ಲ ಅಂತ ಓರಗಿತ್ತಿ, ಕೆಳಗಿನ ಮನೆ ಮತ್ತೆ ಬಾಡಿಗೆಗೆ ಕೊಟ್ಬಿಡೋಣ ಅಂತ ನಮ್ಮನೆಯವರು. ಪಿಜಿಗೆ ಕೊಡ್ತೀರಾ ಅಂತ ಕೇಳ್ಕೊಂಡು ಆಗಲೇ ಇಬ್ರು ಬ್ರೋಕರ್ ಬಂದು ಹೋದ್ರು, ಅದಕ್ಕೆ ರೋಡ್ ಅಗಲ ಅವರ್ಯಾರೂ ಕೇಳಲಿಲ್ಲ.

ಇಂತಿ,
ನಿಮ್ಮ ಪತ್ರಿಕೆಯ ಓದುಗಳು
ಬೆಂಗಳೂರು